ಹಿತ್ತಲದ ಲೆಕ್ಕ

ಗಣೇಶಪೇಟಿ ಗಲ್ಲಿಯಿಂದ ಧಾರವಾಡದ ಮಾಳಮಡ್ಡಿಗೆ
ನನ್ನ ರೊಟ್ಟಿ ಕೇಂದ್ರ ಎತ್ತಬೇಕಿತ್ತು.
ಮೂರು ಕಡೆ ಫೋನ್ ಹಚ್ಚಿದೆ.
ಒಬ್ಬಾಂವ ನೋಡದನ ಅಂದ: "ಆರು ಸಾವಿರ, ಮುಗೀತು."
ನೋಡದನ ಹೇಳಿದ ರೇಟು
ಕಣ್ಣ ಮುಚ್ಚಿ ಉಪ್ಪು ಹಾಕಿದಂಗ.
ಇನ್ನೊಬ್ಬಾಂವ, "ಅರ್ಧ ರೊಕ್ಕ ಇವತ್ತ ಕಳಸ್ರಿ,"
ಆಫೀಸು ಎಲ್ಲೈತಿ ಅಂತ ಕೇಳಿದರ ಲೈನ್ ಕಟ್.
ಮೂರನೇದಾಂವ ದಾವಲಸಾಬ. ಬಾಗಲದಾಗ ಚಪ್ಪಲಿ ಬಿಟ್ಟು
ಪಟ್ಟಿ ಹಿಡಕೊಂಡು ಒಳಗ ಬಂದ.

ಹಂಚು ಎಷ್ಟು? ನಾಕು. ಹಿಟ್ಟಿನ ಡಬ್ಬಿ? ಹನ್ನೊಂದು.
ಅಲ್ಲಿ ಎಷ್ಟನೇ ಅಂತಸ್ತು, ಮೆಟ್ಟಲಾ ಎಷ್ಟು?
ಗಾಡಿ ಬಾಗಲತನಾ ಹೋಗತೈತೋ,
ಓಣ್ಯಾಗ ಹೊತಗೊಂಡು ನಡೀಬೇಕೋ?
ನಾ ಅವನ್ನ ಕೇಳಬೇಕಾದ್ದನ್ನೆಲ್ಲಾ
ಅವನ ನನ್ನ ಕೇಳಿದ.

ಕಡೀಕ ಒಂದು ಹಾಳಿ: ಎಂಟು ಸಾವಿರದ ನಾನೂರು.
ಬಾಜೂಕ ಸಣ್ಣ ಅಕ್ಷರದಾಗ, ಅಂದಾಜು.
ಆ ಶಬ್ದದ ಮ್ಯಾಲ ಬಟ್ಟ ಇಟ್ಟೆ.
"ಇದು ಹಿಗ್ಗತೈತೇನು?"
"ಸಾಮಾನು ಹಿಗ್ಗಿದರ ಹಿಗ್ಗತೈತ್ರಿ ಅಕ್ಕಾರ."

ಮದುವಿ ಆರ್ಡರಿಗೆ ನಾನೂ ಹಿಂಗ ಬರಕೊಡತೇನಿ:
ಆರನೂರು ರೊಟ್ಟಿ, ಅಂದಾಜು.
ಬೀಗರು ಎರಡು ಬಸ್ಸಿನಾಗ ಇಳೀತಾರ,
ರಾತ್ರಿ ಹನ್ನೊಂದಕ್ಕ ಫೋನು, "ಇನ್ನೂ ಇನ್ನೂರು ಬಡೀರಿ."
ಆಮ್ಯಾಲ ಹಳೇ ರೊಕ್ಕನ ಅನ್ನೋರ ಮುಂದ
ನಾನೂ ನಿಂತೇನಿ, ಕೈ ತುಂಬ ಹಿಟ್ಟು.

ಅದಕ್ಕ ಅವನ ಕೈಲೆ ಬರಸಿದೆ,
ಮೆಟ್ಟಲಕ್ಕ ಎಷ್ಟು, ಕಾದ ತಾಸಿಗೆ ಎಷ್ಟು,
ಬೈಪಾಸ್ ಹಿಡದರ ಟೋಲು ಯಾರದು,
ಡಬ್ಬಿ ನೆಗ್ಗಿದರ ಯಾರದು.
ಹೆಚ್ಚಾಗೂದಿದ್ದರ ಗಾಡಿ ಬಿಡೂಕಿಂತ ಮೊದಲ ಹೇಳಬೇಕು.
ಸಹಿ ಹಾಕಿದ. ಪೆನ್ನು ನಂದು.

ಗುರುವಾರ ಆರಕ್ಕ ಗಾಡಿ ಬಂತು.
ಹುಡುಗೂರು ಹಿತ್ತಲಕ್ಕ ಹೋದವರು ಅಲ್ಲೇ ನಿಂತರು.
"ಅಕ್ಕಾರ, ಈ ಕಲ್ಲು?"
ಬೀಸೂ ಕಲ್ಲು. ತಗಡಿನ ಕೆಳಗಿತ್ತು.
ಪಟ್ಟಿಯೊಳಗಿಲ್ಲ.
ಮರತೆ ಅನ್ನಲೇನು? ಮರತಿರಲಿಲ್ಲ.
"ಹಿತ್ತಲಾ ತೋರಸ್ರಿ" ಅಂತ ಅವ ಅಂದಾಗ
"ಅಲ್ಲೇನೈತಿ ಮಣ್ಣು" ಅಂದಾಕಿ ನಾನ.
ದಾವಲಸಾಬ ಕಲ್ಲು ನೋಡಿದ, ನನ್ನ ನೋಡಿದ,
ಹಾಳಿ ತಗದು ಬರದ:
ಕಲ್ಲು ಒಂದು. ಐದನೂರು.
ಗಾಡಿ ಬಿಡೂಕಿಂತ ಮೊದಲ.
ಕರಾರಿನಂಗ.

ನವಲೂರು ದಾಟೂತನಾ ನಾ ಬಾಯಿ ಬಿಡಲಿಲ್ಲ.

ಮಾಳಮಡ್ಡ್ಯಾಗ ಮೆಟ್ಟಲಾ ಇಪ್ಪತ್ತೆರಡು,
ನಾ ಹದಿನೆಂಟು ಅಂದಿದ್ದೆ.
ಅವ ಎಣಿಸಲಿಲ್ಲ.
ಎಣಿಸಿದನೋ ಏನೋ, ಬರೀಲಿಲ್ಲ.
ಕಲ್ಲು ಹೊತ್ತ ಹುಡುಗ ನಡುವ ಒಮ್ಮೆ ಕುಂತ.

ಇನ್ನೂ ಡಬ್ಬಿ ಬಿಚ್ಚಿರಲಿಲ್ಲ, ಹಂಚು ಕಾಸಿದೆ.
ಶೇಂಗಾ ಹಿಂಡಿ, ಉಳ್ಳಾಗಡ್ಡಿ, ನಿನ್ನಿ ಬದನಿಕಾಯಿ.
ಅದೇ ಹುಡುಗ ಆರನೇ ರೊಟ್ಟಿಗೆ ಕೈ ಚಾಚಿ ತಡದ:
"ಇದು ಅಂದಾಜಿನ್ಯಾಗ ಐತೇನ್ರಿ?"

"ಇಲ್ಲ," ಅಂದೆ, "ಅದು ಹಿತ್ತಲದ್ದು.
ತಿನ್ನು."