ಚಾನಲ್ ಏಳು

ಬ್ಯಾಟರಿ ಹೊಸಾವು. ರಿಸೀವರಿನ ಎರಡೂ ಕಡ್ಡಿ
ಮೊಲದ ಕಿವಿ ಹಂಗ ನಿಲ್ಲಿಸೇನಿ.
ಹಲೋ, ಹಲೋ, ಒಂದು, ಎರಡು.
ತಾಳಿಕೋಟಿ ಕಲ್ಯಾಣಮಂಟಪದಾಗ
ಖಾಲಿ ಕುರ್ಚಿ ಹ್ಞೂಂ ಅಂದವು.

ಅಕ್ಕಿಕಾಳು ಎಲ್ಲಾರ ಮುಷ್ಟ್ಯಾಗ.
ಸ್ಪೀಕರಿನಾಗ ಯಾರೋ ಹೆಣ್ಣಮಗಳು:
"ಚಾಕ್ಕ ಸಕ್ರಿ ಹಾಕಿದ್ದೆ,
ಇನ್ನಾ ತಿರುವಿದ್ದಿಲ್ಲ..."

ಗೋಡಿ ಆಚೆ ಸೊಸಾಯಿಟಿ ಹಾಲು. ಶ್ರದ್ಧಾಂಜಲಿ.
ಅಲ್ಲಿ ಬಸಲಿಂಗ ಕುಂತಾನ,
ನನ್ನಂಥದೇ ಸೆಟ್ಟು,
ನನ್ನದೇ ಚಾನಲ್ಲು, ಏಳು.

ಎಂಟಕ್ಕ ಸರಿಸೂದು ಮೂರು ಸೆಕೆಂಡಿನ ಕೆಲಸ.
ಬಟನ್ ಮ್ಯಾಗ ಬೆರಳಿಟ್ಟು ಕುಂತೆ.
ಸನಾದಿಯವ ಉಸರು ಹಿಡದ.
ಮದುಮಗ ಮಗ್ಗಲದಾಕಿನ್ನ ನೋಡಿದ,
ಆಕಿ ಕೈಯಾಗಿನ ಕಾಳು ನೋಡಿದಳು.
ಒತ್ತಿದೆ.

ಸಂಜೀಕ ಬಸಲಿಂಗ ವೈರ್ ಸುತ್ತಿಗೋತ ಬಂದ:
"ಲೇ, ನಿಮ್ಮ ಸನಾದಿ ನಮ್ಮಲ್ಲೆ ಬಂದಿತ್ತು."
ಯಾರರ ಬೈದರೇನು?
"ಇಲ್ಲ. ಆಕಿ ಮಾತು ನಿಲ್ಲಿಸಿ ಕೇಳಿದಳು."

ಸತ್ತ ಸೆಲ್ಲು ಎಣಿಸಿ
ಡಬ್ಬಿಗೆ ಹಾಕಿದ್ವಿ.