ಕಡಲತೋಳದ ತೊಗಲು

ಮಲ್ಪಿಕಾ ಬಂದರಿನಲ್ಲಿ
ಬಲೆ ಹೆಣೆಯುವ ಎರುಂದಿನಾಳ ಎದುರು
ಹಾಳೆಗಳ ಮೇಲೆ ಕಲ್ಲು ಹೇರಿ ಕೂತಿದ್ದೇನೆ.
ಐರ್ಲೆಂಡಿನ ಕತೆ, ಗಾಳಿಗೆ ಹಾರಬಾರದಲ್ಲ.

ಕತೆ ಗೊತ್ತಿದ್ದದ್ದೇ:
ಸೀಲೊಂದು ತೊಗಲು ಕಳಚಿಟ್ಟು, ಹೆಣ್ಣಾಗಿ
ಬಂಡೆಯ ಮೇಲೆ ತಲೆ ಬಾಚುತ್ತಿತ್ತು.
ಬೆಸ್ತನೊಬ್ಬ ತೊಗಲು ಕದ್ದ,
ಸೂರಿನ ಹುಲ್ಲಿನೊಳಗೆ ಸಿಕ್ಕಿಸಿಟ್ಟ,
ಮದುವೆಯಾದ.
ಏಳು ವರ್ಷ. ಮೂರು ಮಕ್ಕಳು.

ಸೀಲಿಗೆ ನಮ್ಮ ಗಲೀಸಿಯನ್ನಿನಲ್ಲಿ
ಹಳಬರ ಮಾತು: ಕಡಲತೋಳ.
ಬರೆದೆ. ಬರೆದ ಕೂಡಲೇ
ಆ ಮೆದು ಕಣ್ಣಿನ ಹೆಂಗಸಿಗೆ ಕೋರೆ ಮೂಡಿತು;
ಆಲೂಗಡ್ಡೆ ಸುಲಿಯುತ್ತ ಒಮ್ಮೆ
ಗಂಡನ ಕತ್ತಿನತ್ತ ನೋಡಿದಳು.
ಹೊಡೆದುಹಾಕಲೇ ಎಂದೆ.
"ಇರಲಿ ಬಿಡು," ಎರುಂದಿನಾ ದಾರ ಕಚ್ಚಿ ಹರಿದಳು,
"ಏಳು ವರ್ಷದಲ್ಲಿ ಯಾರಿಗಾದರೂ ಹಲ್ಲು ಬರುತ್ತೆ."

ಹುಲ್ಲಿನ ಸೂರು ಇಲ್ಲಿಲ್ಲ. ತೊಗಲನ್ನೆಲ್ಲಿ ಬಚ್ಚಿಡಲಿ?
ಕಲ್ಲುಗಾಲುಗಳ ಮೇಲೆ ನಿಂತ ಕಣಜದಲ್ಲಿ,
ಮುಸುಕಿನ ಜೋಳದ ತೆನೆಗಳ ಅಡಿಗೆ.
ಇಲಿ ಹತ್ತದಂತೆ ಕಟ್ಟಿದ್ದು.
ಮಕ್ಕಳು ಹತ್ತುತ್ತಾರೆ.
ಕಿರಿಯವಳೇ ಹೊತ್ತು ತಂದಳು:
"ಅಮ್ಮಾ, ಇದ್ಯಾಕೆ ಇನ್ನೂ ಒದ್ದೆ ಇದೆ?"

ಇಲ್ಲಿಂದ ಮುಂದೆ ಸಿಕ್ಕಿಕೊಂಡೆ.
ನೀರಿಗಿಳಿವ ತಾಯಿಯನ್ನು ಮಗು ಕೇಳುತ್ತದೆ, ಬರ್ತೀಯಾ?
ನನ್ನ ಬಳಿಯ ಇಂಗ್ಲಿಷ್ ಪ್ರತಿಯಲ್ಲಿ ತಾಯಿ
"ಹೌದು" ಅನ್ನುತ್ತಾಳೆ.
ಬಾಗಿಲು ಹಾಕಿಕೊಂಡ ಹಾಗೆ ಒಂದು ಹೌದು.

ಕಾನೆಮಾರಾದ ಸೊರಖಾಳಿಗೆ ಬರೆದು ಕೇಳಿದೆ.
ಉತ್ತರ ಬಂತು: ಐರಿಷಿನಲ್ಲಿ ಹೌದು ಎಂಬುದಿಲ್ಲ,
ಇಲ್ಲ ಎಂಬುದೂ ಇಲ್ಲ.
ಕೇಳಿದವರ ಕ್ರಿಯಾಪದವನ್ನೇ ತಿರುಗಿ ಕೊಡಬೇಕು,
ಪಕ್ಕದ ಮನೆಯ ಪಾತ್ರೆಯನ್ನು
ಬರಿದಾಗಿ ಕಳಿಸದ ಹಾಗೆ.

ಓದಿ ಹೇಳಿದರೆ ಎರುಂದಿನಾ ನಕ್ಕಳು.
"ನಾವೇನು ಬೇರೆಯಾ? ಉಂಡೆಯಾ ಅಂದರೆ ಉಂಡೆ.
ಸ್ಕೂಲಿನಲ್ಲಿ ಮೇಷ್ಟ್ರು ಅಂಗೈಗೆ ಬಾರಿಸಿ ಕಲಿಸಿದ್ದು
ಸ್ಪ್ಯಾನಿಷಿನ ಹೌದು ಸ್ವಾಮಿ, ಇಲ್ಲ ಸ್ವಾಮಿ."
ಆಮೇಲೆ ಸುಮ್ಮನಾದಳು. ಸೂಜಿಯೂ.

"ನನ್ನ ಅವನು ಗ್ರಾನ್ ಸೋಲಿಗೆ ಹೊರಟಿದ್ದ,
ನಿನ್ನ ಐರ್ಲೆಂಡಿನ ಆಚೆಯ ನೀರು.
ಇದೇ ಕಟ್ಟೆ. ಬರ್ತೀಯಾ ಅಂದೆ.
ಬರ್ತೇನೆ ಅಂದ.
ಮೂವತ್ತೊಂದು ವರ್ಷ.
ಹೌದು ಅಂದಿದ್ದರೆ ಸುಳ್ಳಾಗ್ತಿತ್ತು.
ಬರ್ತೇನೆ ಅಂದಿದ್ದಾನೆ.
ಅದು ಇನ್ನೂ ನಡೀತಾ ಇದೆ."

ಬರೆದೆ: ಬರ್ತೇನೆ.
ಚುಕ್ಕೆ ಇಡಲೋ ಬೇಡವೋ ಎಂದು ಪೆನ್ನು ಎತ್ತಿ ಹಿಡಿದಾಗ
ಅವಳು ಬಲೆಯ ತುದಿ ಗಾಳಿಗೆ ಹಾರದಂತೆ ಮೊಣಕಾಲೂರಿ
ನನ್ನ ಹಾಳೆಗಳತ್ತ ಗದ್ದ ಎತ್ತಿದಳು:
"ಆ ಕಲ್ಲು ಕೊಡ್ತೀಯಾ?"

ಕೊಡ್ತೇನೆ, ಎಂದೆ.