ಬಂದ ಕಾರಣ

ಸಖರಾಯಪಟ್ಟಣಕ್ಕೆ ಮೂರು ಸೊನ್ನೆ ಟಿಕೆಟ್ ಹರಿದುಕೊಟ್ಟವನು
ನಮ್ಮದೇ ಡಿಪೋದ ಹುಡುಗ.
'ರಜೆ ದಿನಾನೂ ಬಸ್ಸೇನಾ ಅಕ್ಕ?' ಅಂದ.
ಶಾಹಿದಾಳ ತೊಡೆಯ ಮೇಲೆ ಬಾಡಿಗೆ ಡೇರೆ,
ಜಯಶೀಲಳ ಚೀಲದಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ,
ಅಂಗೈಯಗಲದ ಗ್ಯಾಸ್ ಸ್ಟವ್.
ನಾನು ಕಿಟಕಿ ಪಕ್ಕ ಕೂತೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಅಯ್ಯನಕೆರೆ ಏರಿಯ ಬುಡದಲ್ಲಿ ಕಾವಲಿನವನ ಪುಸ್ತಕ.
ಹೆಸರು, ಊರು, ಎಷ್ಟು ಜನ, ಬಂದ ಕಾರಣ.
ಮೂರು ಮನೆ ತುಂಬಿದವು.
ನಾಲ್ಕನೆಯದರಲ್ಲಿ ಪೆನ್ನು ನಿಂತಿತು.
ಮೇಲಿನ ಸಾಲುಗಳಲ್ಲಿ ಫೋಟೋ, ಫೋಟೋ, ಮೀನು, ಹರಕೆ;
ಯಾರೋ 'ಜಗಳ' ಎಂದು ಬರೆದು ಹೊಡೆದುಹಾಕಿದ್ದರು.
'ಆಮೇಲೆ ಬರೀತೀವಿ.'
ಮೂಡಲಗಿರಿಯಪ್ಪ ಕನ್ನಡಕದ ಮೇಲಿಂದ ನೋಡಿ
'ಕಾರಣ ಸಿಗದಿದ್ರೆ ಬೆಳಿಗ್ಗೆ ಬಿಡಲ್ಲ' ಅಂದ.
ತಮಾಷೆಯೋ ಏನೋ, ಮುಖದಲ್ಲಿ ಗೊತ್ತಾಗಲಿಲ್ಲ.

ಡೇರೆ ಮಾತು ಕೇಳುವುದಿಲ್ಲ.
ಈ ಕಡೆ ಗೂಟ ಹೊಡೆದರೆ ಆ ಕಡೆ
ಸ್ಟಾಪು ಬರುವ ಮೊದಲೇ ಎದ್ದು ನಿಲ್ಲುವ ಮುದುಕನ ಹಾಗೆ.
ಕಲ್ಲು ಹೇರಿ ಕೂರಿಸಿದೆವು.
ಅಷ್ಟರಲ್ಲಿ ಶಕುನಗಿರಿಯ ನೆರಳು ಇಳಿದು
ಅರ್ಧ ನೀರು ತಿಂದಿತ್ತು.
ಉಳಿದರ್ಧದಲ್ಲಿ ಒಂದು ನೀರುಕಾಗೆ,
ಮುಳುಗಿದ್ದೊಂದು ಕಡೆ, ಎದ್ದದ್ದು ಇನ್ನೆಲ್ಲೋ.
'ಟಿಕೆಟ್ ತಪ್ಪಿಸೋ ಕಾಲೇಜು ಹುಡುಗ' ಅಂದಳು ಜಯಶೀಲ.

ಶಾಹಿದಾ ಮೊಣಕಾಲವರೆಗೆ ಇಳಿದು ನಿಂತವಳು
ಕರೆದರೂ ತಿರುಗಲಿಲ್ಲ.
ದಿನಕ್ಕೆ ಎಂಟು ಗಂಟೆ ನಿಲ್ತೀಯಲ್ಲ, ಸಾಲದೇನೇ?
'ಇಲ್ಲಿ ನೆಲ ಅಲ್ಲಾಡಲ್ಲ ಕಣೇ.'
ಮೀನಮರಿಗಳು ಅವಳ ಕಾಲಿನ ಊತವನ್ನು
ಮೂಸಿ ನೋಡಿ ಹೋದವು.

ಬೆಂಕಿ ಹಾಕಬಾರದು ಅಂತ ಬೋರ್ಡು.
ಸ್ಟವ್ವಿನ ಮಾತು ಬೋರ್ಡಿನಲ್ಲಿ ಇರಲಿಲ್ಲ.
ಟೀ ಕಾಸಿದೆವು, ಮೂಡಲಗಿರಿಯಪ್ಪನಿಗೂ ಒಂದು ಲೋಟ.
ತೂಬು ಎತ್ತುವುದು ಹೇಗೆ ಎಂದು ಹೇಳಿದ,
ಅವರಪ್ಪನ ಕಾಲದಲ್ಲಿ ಕೋಡಿ ಬಿದ್ದ ರಾತ್ರಿ
ಎಂಥ ಸದ್ದು ಅಂದರೆ... ಎಂದವನು
ಅಷ್ಟಕ್ಕೇ ಎದ್ದು ಹೋದ.
ಏರಿಯುದ್ದಕ್ಕೂ ಅವನ ಟಾರ್ಚು ಎಲ್ಲೂ ನಿಲ್ಲದೆ ಸಾಗಿತು.

ಮೂವರ ಡೇರೆ ಎಂದು ಅಚ್ಚು ಹಾಕಿದವನು
ನಮ್ಮನ್ನು ನೋಡಿರಲಿಲ್ಲ.
ಮಗ್ಗುಲು ಬದಲಿಸಬೇಕೆಂದರೆ ಮೂವರೂ ಒಟ್ಟಿಗೆ.
ನಡುರಾತ್ರಿ ಜಯಶೀಲ ನಿದ್ದೆಗಣ್ಣಲ್ಲೇ ಕೂಗಿದಳು:
'ಒಳಗೆ ಬನ್ನಿ, ಒಳಗೆ ಬನ್ನಿ, ಹಿಂದೆ ಜಾಗ ಇದೆ.'
ಯಾರನ್ನು ಕರೆದಳೋ.
ಜಿಪ್ಪು ಸರಿಸಿ ನೋಡಿದೆ.
ಕೆರೆ ಅಲ್ಲೇ ಇತ್ತು.
ಎಲ್ಲಿಗೂ ಹೊರಡುವ ಅವಸರವಿಲ್ಲ ಅದಕ್ಕೆ,
ಆದರೂ ತೂಬಿನ ಕಡೆಯಿಂದ ಸಣ್ಣಗೆ
ಹೋಗುತ್ತಲೇ ಇರುವ ಸದ್ದು.
ಬಹಳ ಹೊತ್ತು ಕೇಳಿದೆ. ಎಣಿಸಲಿಲ್ಲ.

ಬೆಳಿಗ್ಗೆ ಪುಸ್ತಕ ತೆರೆದರೆ
ನಮ್ಮ ಸಾಲಿನ ಕೊನೆಯ ಮನೆಯಲ್ಲಿ
ಅವನದೇ ಅಂಕುಡೊಂಕು ಅಕ್ಷರ:
'ಕಾಲು ನೆನೆಸಲು.'
ಶಾಹಿದಾ ಅದರ ಮುಂದೆ ಸಹಿ ಹಾಕಿದಳು.

ವಾಪಸು ಬಸ್ಸಿನಲ್ಲಿ ಸೀಟಿರಲಿಲ್ಲ.
ನಿಂತೆವು.
ಒದ್ದೆ ಡೇರೆಯಿಂದ ಯಾರದೋ ಚಪ್ಪಲಿಯ ಮೇಲೆ
ಚಿಕ್ಕಮಗಳೂರಿನವರೆಗೂ
ತೊಟ್ಟಿಕ್ಕುತ್ತಿತ್ತು.